ಎಲ್ಲರಂತೆ ಇರಬೇಕಾ, ತನ್ನಂತೆ ಇರಬೇಕಾ?

ಐದನೇ ಕ್ಲಾಸಿನವರೆಗೆ ನಿಮ್ಮ ಮಗಳು ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದಳು. ಈಗ ಏಳನೇ ಕ್ಲಾಸು. ಉತ್ತರ ಗೊತ್ತಿದ್ದರೂ ಸುಮ್ಮನೆ ಕೂರುತ್ತಾಳೆ. ಯಾಕೆ ಅಂದರೆ, ‘ಜಾಸ್ತಿ ಮಾತಾಡಿದ್ರೆ ಬಿಲ್ಡಪ್ ಕೊಡ್ತಾಳೆ ಅಂತಾರಮ್ಮ’ ಎನ್ನುತ್ತಾಳೆ. ಮಾರ್ಕ್ಸ್ ಇಳಿದಿಲ್ಲವಲ್ಲ ಎಂದು ನೀವೂ ಸುಮ್ಮನಾಗಿರಬಹುದು. ಆದರೆ ಸ್ವಲ್ಪ ಗಮನಿಸಿ. ಚುರುಕಾದ ಮಕ್ಕಳು ಗೆಳತಿಯರ ಗುಂಪಿನಲ್ಲಿ ಉಳಿಯುವುದಕ್ಕಾಗಿ ತಮ್ಮ ಬುದ್ಧಿಯನ್ನೇ ಬಚ್ಚಿಡುವುದುಂಟು. ಅದೇ ಅಭ್ಯಾಸವಾಗಿಬಿಟ್ಟರೆ ಕಷ್ಟ.

‘ಯಾರಿಗೂ ಕೇರ್ ಮಾಡ್ಬೇಡ’ ಎಂಬ ಉಪದೇಶ ಈ ವಯಸ್ಸಿನಲ್ಲಿ ನಾಟುವುದಿಲ್ಲ. ಅವಳಿಗೆ ಸ್ನೇಹಿತೆಯರೂ ಬೇಕು. ತನ್ನ ಬಗ್ಗೆ ಬಾಯಿ ಬಿಡದ ಮಗು ಕಥೆಯ ಪಾತ್ರದ ಬಗ್ಗೆಯಾದರೆ ಧಾರಾಳವಾಗಿ ಮಾತಾಡುತ್ತದೆ. ಅಲ್ಲಿಂದಲೇ ಶುರು ಮಾಡಿ.

ಮೂರು ಕಥೆ, ಮೂರು ಪ್ರಶ್ನೆ

* ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಚಕ್ರವರ್ತಿಯ ಹೊಸ ಬಟ್ಟೆಯ ಕಥೆ ನಿಮಗೂ ಗೊತ್ತು. ದಡ್ಡರ ಕಣ್ಣಿಗೆ ಈ ಬಟ್ಟೆ ಕಾಣುವುದಿಲ್ಲ ಎಂದು ಮೋಸಗಾರರು ಹೇಳಿದ್ದರಿಂದ ದೊಡ್ಡವರೆಲ್ಲ ಬಾಯಿ ಮುಚ್ಚಿಕೊಂಡರು. ಮಗುವೊಂದು ನಿಜ ಹೇಳಿತು. ಮಗಳನ್ನು ಕೇಳಿ: ‘ಆ ದೊಡ್ಡವರಿಗೆ ಯಾತರ ಭಯ?’

* ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935). ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯನ್ನು ನೀವು ನೋಡಿರುತ್ತೀರಿ. ಹೊಸದಾಗಿ ಬಂದ ರಾಜಂ ಜೊತೆ ಸ್ವಾಮಿ ಓಡಾಡತೊಡಗಿದ್ದೇ ತಡ, ಹಳೆಯ ಗೆಳೆಯರು ಅವನನ್ನು ರಾಜಂನ ‘ಬಾಲ’ ಎಂದು ಹಂಗಿಸಿ ಮಾತು ಬಿಡುತ್ತಾರೆ. ಕೇಳಿ: ‘ಸ್ವಾಮಿಗೆ ಅಷ್ಟೊಂದು ನೋವಾಗಿದ್ದು ಯಾಕೆ? ನೀನಾಗಿದ್ರೆ ಏನು ಮಾಡ್ತಿದ್ದೆ?’

* ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಇದನ್ನು ಜೊತೆಯಲ್ಲಿ ಕೂತು ಓದಿ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನಲ್ಲಿ ಕಾಡನ್ನು ಓದಬಲ್ಲ ಅಪರೂಪದ ಕಣ್ಣು ಕಾಣುತ್ತದೆ. ಕೇಳಿ: ‘ಊರಿಗೆ ಕಾಣದ್ದು ಕರ್ವಾಲೊಗೆ ಹೇಗೆ ಕಾಣಿಸ್ತು?’

ಕೇಳುವಾಗ ನೆನಪಿಡಿ

‘ಕಥೆಯ ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ಬುದ್ಧಿವಂತ ಮಕ್ಕಳು ನಿಮಗೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗುತ್ತಾರೆ! ಬದಲಿಗೆ, ಸ್ವಾಮಿಯ ಗೆಳೆಯರ ಪರವಾಗಿಯೂ ವಾದ ಮಾಡು ಅನ್ನಿ. ‘ನೋಡು, ನೀನೂ ಹಾಗೇ’ ಎಂದು ಚುಚ್ಚಬೇಡಿ. ಆ ಮಾತು ಅವಳಿಂದಲೇ ಬರಲಿ.

ಎಲ್ಲರಂತೆ ಇರುವುದೆಲ್ಲ ತಪ್ಪೂ ಅಲ್ಲ. ಬಸ್ಸಿಗೆ ಕ್ಯೂ ನಿಲ್ಲುವುದು, ಆಟದ ನಿಯಮ ಪಾಲಿಸುವುದು ಹತ್ತು ಜನರೊಂದಿಗೆ ಬಾಳಲು ಬೇಕೇ ಬೇಕು. ಗುಂಪು ನಗುತ್ತದೆಂದು ಗೊತ್ತಿದ್ದನ್ನು ಗೊತ್ತಿಲ್ಲ ಅನ್ನುವುದು ಬೇರೆ. ಹೊಸಬಳೊಬ್ಬಳನ್ನು ಎಲ್ಲರೂ ಗೇಲಿ ಮಾಡುವಾಗ ತಾನೂ ನಗುವುದು ಬೇರೆ. ಈ ವ್ಯತ್ಯಾಸ ತಿಳಿದರೆ ಸಾಕು. ಹಟಮಾರಿಯೂ ಆಗುವುದಿಲ್ಲ, ಯಾರ ಬಾಲವೂ ಆಗುವುದಿಲ್ಲ.

ಇನ್ನೊಂದು ಮಾತು. ಬಟ್ಟೆಯಿಂದ ಹಿಡಿದು ಕೋರ್ಸಿನವರೆಗೆ ‘ನಾಲ್ಕು ಜನ ಏನಂತಾರೆ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆ? ಪುಸ್ತಕ ಹೇಳುವುದಕ್ಕಿಂತ ಮೊದಲು ಮಕ್ಕಳು ಕೇಳಿಸಿಕೊಳ್ಳುವುದು ಅದನ್ನೇ. ಮುಂದಿನ ಸಲ ಅವಳು ನಿಮ್ಮದಕ್ಕಿಂತ ಬೇರೆ ಅಭಿಪ್ರಾಯ ಹೇಳಿದಾಗ, ‘ಯಾಕೆ ಹಾಗನ್ಸತ್ತೆ, ಹೇಳು’ ಎಂದು ಪೂರ್ತಿ ಕೇಳಿಸಿಕೊಳ್ಳಿ. ಮನೆಯಲ್ಲಿ ಎತ್ತಿದ ಕೈಗೆ ಮರ್ಯಾದೆ ಸಿಕ್ಕರೆ, ಕ್ಲಾಸಿನಲ್ಲೂ ಅದು ಮತ್ತೆ ಮೇಲೇಳುತ್ತದೆ.