ರೈತರಲ್ಲಿ ಬೆನ್ನುನೋವು: ಕಾರಣ ಮತ್ತು ಉಪಶಮನ

ನಾಟಿಯ ಕಾಲದಲ್ಲಿ ದಿನವೆಲ್ಲ ಬಗ್ಗಿ ದುಡಿದ ಹೆಣ್ಣುಮಕ್ಕಳು ಸಂಜೆ ಬದುವಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎತ್ತು ಕುಂಟಿದರೆ ಅಂದೇ ಚಿಕಿತ್ಸೆ ಮಾಡಿಸುವ ರೈತರು ತಮ್ಮ ಬೆನ್ನಿನ ಬಗ್ಗೆ ಮಾತ್ರ ಉದಾಸೀನ ತೋರುವುದುಂಟು. ಇದು ಸರಿಯಲ್ಲ.

ನೋವಿಗೆ ಕಾರಣ

ಸೊಂಟದ ಭಾಗದ ಬೆನ್ನೆಲುಬಿನಲ್ಲಿ ಸಾಮಾನ್ಯವಾಗಿ 5 ಮಣಿಗಳಿರುತ್ತವೆ. ಇವುಗಳ ನಡುವಿನ ಮೆತ್ತೆಯಂತಹ ಬಿಲ್ಲೆಗಳು ದೇಹದ ಭಾರವನ್ನು ತಾಳಿಕೊಳ್ಳುತ್ತವೆ. ಸ್ವೀಡನ್ನಿನ ವೈದ್ಯ ನಾಕೆಮ್ಸನ್ 1960ರ ದಶಕದಲ್ಲಿ ಈ ಬಿಲ್ಲೆಗಳೊಳಗಿನ ಒತ್ತಡವನ್ನು ಅಳೆದರು. ಅವರ ಲೆಕ್ಕದಂತೆ, ನೆಟ್ಟಗೆ ನಿಂತಾಗಿನ ಒತ್ತಡ 100 ಎಂದಿಟ್ಟುಕೊಂಡರೆ, ಮುಂದಕ್ಕೆ ಬಾಗಿದಾಗ ಅದು ಸುಮಾರು 150 ಆಗುತ್ತದೆ. ಬಾಗಿಕೊಂಡು ಭಾರ ಹಿಡಿದರೆ ಇನ್ನೂ ಹೆಚ್ಚುತ್ತದೆ. ಬಹಳ ಹೊತ್ತು ಬಗ್ಗಿದರೆ ಸ್ನಾಯುಗಳೂ ದಣಿದು ಬಿಗಿಯುತ್ತವೆ. ಸೊಂಟ ತಿರುಚಿ ಚೀಲ ಎತ್ತುವುದು, ಟ್ರ್ಯಾಕ್ಟರಿನ ಸತತ ಅಲುಗಾಟ ಇವೂ ನೋವಿಗೆ ಕಾರಣವಾಗುತ್ತವೆ.

ಮುನ್ನೆಚ್ಚರಿಕೆ

1. ನಾಟಿ, ಕಳೆ, ಕೊಯ್ಲುಗಳ ನಡುವೆ ಆಗಾಗ್ಗೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯಬೇಕು. ಕೆಲಸವನ್ನು ಬದಲಿಸುತ್ತಿರಬೇಕು.

2. ಉದ್ದ ಹಿಡಿಯ ಉಪಕರಣಗಳನ್ನು ಬಳಸಬೇಕು. ಸಾಲು ನಾಟಿ ಮಾಡಿದ ಭತ್ತದಲ್ಲಿ ಕೋನೋ ವೀಡರನ್ನು ನಿಂತೇ ನಡೆಸಬಹುದು.

3. ಚೀಲ ಎತ್ತುವಾಗ ಮಂಡಿ ಮಡಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ತಿರುಗಬೇಕಾದರೆ ಸೊಂಟವನ್ನಲ್ಲ, ಪಾದಗಳನ್ನು ತಿರುಗಿಸಬೇಕು. ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಸಲಹೆ ಮಾಡಿದೆ. 50 ಕಿಲೋ ಚೀಲವನ್ನೂ ಇಬ್ಬರು ಹಿಡಿಯುವುದೇ ಲೇಸು.

ಉಪಶಮನ

ನೋವು ಬಂದಾಗ ವಾರಗಟ್ಟಲೆ ಹಾಸಿಗೆ ಹಿಡಿಯಬಾರದು. ಆದಷ್ಟು ಓಡಾಡುತ್ತಿದ್ದರೆ ಬೇಗ ಗುಣವಾಗುತ್ತದೆ. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ 15–20 ನಿಮಿಷ ಶಾಖ ಕೊಡಬಹುದು. ಬೆಚ್ಚನೆಯ ಎಳ್ಳೆಣ್ಣೆ ಹಚ್ಚಿ ಹದವಾಗಿ ತಿಕ್ಕಿದರೆ ಬಿಗಿತ ಸಡಿಲಗೊಳ್ಳುತ್ತದೆ. ಆದರೆ ಬೆನ್ನು ತುಳಿಸಿಕೊಳ್ಳುವುದು ಅಪಾಯಕರ. ನೋವು ತಗ್ಗಿದ ಮೇಲೆ ಭುಜಂಗಾಸನದಂತಹ ಆಸನಗಳನ್ನು ಬಲ್ಲವರಿಂದ ಕಲಿತು ಮಾಡಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಿದರೆ ಜಠರ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು.

ಎಣ್ಣೆ, ಶಾಖಗಳನ್ನು ನಂಬಿ ಕೂರಬಾರದ ಸಂದರ್ಭಗಳೂ ಉಂಟು. ಕಾಲು ಜೋಮು ಹಿಡಿದು ಬಲಗುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ ಇಲ್ಲವೆ ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಣ್ಣೆ, ಶಾಖಗಳು ಇಂದಿನ ನೋವನ್ನು ತಗ್ಗಿಸುತ್ತವೆ. ಮತ್ತೆ ಬಾರದಂತೆ ತಡೆಯಬೇಕಾದರೆ ದುಡಿಯುವ ರೀತಿಯನ್ನೇ ತಿದ್ದಿಕೊಳ್ಳಬೇಕು.