ಜಯಂತ್ಯುತ್ಸವದ ವರದಿಯೂ ಇತಿಹಾಸದ ಸಾಕ್ಷ್ಯವೂ: ಹಾಲೆಂಡ್ ನಗರದ ಹಳೆಯ ವೃತ್ತಪತ್ರಿಕೆಗಳು

ಊರೊಂದರ ಜಯಂತ್ಯುತ್ಸವವನ್ನು ಕುರಿತ ಪತ್ರಿಕಾವರದಿಗಳನ್ನು ಇತಿಹಾಸಕಾರರು ಬರಿಯ ಪ್ರಶಂಸೆಯೆಂದು ಬದಿಗಿಡುವುದುಂಟು. ಆದರೆ ಅಂತಹ ವರದಿಯು ಎರಡು ಕಾಲಗಳಿಗೆ ಸಾಕ್ಷಿಯಾಗಿರುತ್ತದೆ: ಸ್ಮರಿಸಲ್ಪಟ್ಟ ಕಾಲಕ್ಕೊಂದು, ಸ್ಮರಿಸಿದ ಕಾಲಕ್ಕೊಂದು. ಎರಡನೆಯದಕ್ಕೇ ಅದು ಹೆಚ್ಚು ವಿಶ್ವಸನೀಯವಾದ ಸಾಕ್ಷಿ. ಅಮೆರಿಕದ ಮಿಷಿಗನ್ ಸಂಸ್ಥಾನದ ಹಾಲೆಂಡ್ ನಗರವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ನೆದರ್ಲೆಂಡ್ಸಿನ ಅಧಿಕೃತ ಚರ್ಚಿನಿಂದ 1834ರಲ್ಲಿ ಬೇರ್ಪಟ್ಟ ಪಂಗಡದವರು ನಿರ್ಬಂಧಗಳಿಗೂ, ಮುಂದೆ ಆಲೂಗೆಡ್ಡೆಯ ಬೆಳೆನಾಶದಿಂದುಂಟಾದ ದಾರಿದ್ರ್ಯಕ್ಕೂ ಗುರಿಯಾದರು. ಅವರಲ್ಲಿ ಒಂದು ತಂಡವು ಪಾದ್ರಿ ಆಲ್ಬರ್ಟಸ್ ವಾನ್ ರಾಲ್ಟೆಯ ನೇತೃತ್ವದಲ್ಲಿ 1847ರ ಫೆಬ್ರವರಿ 9ರಂದು ಬ್ಲ್ಯಾಕ್ ಲೇಕ್ ತೀರದ ಕಾಡಿನಲ್ಲಿ ನೆಲಸಿತು. 1871ರ ಅಕ್ಟೋಬರ್ 8-9ರ ಮಹಾಗ್ನಿಯಲ್ಲಿ ಊರಿನ ಬಹುಭಾಗವು ಭಸ್ಮವಾಯಿತು.

ಮರುವರ್ಷವೇ, ಎಂದರೆ 1872ರಲ್ಲಿ, ವಸಾಹತಿನ ಇಪ್ಪತ್ತೈದನೆಯ ವರ್ಷದ ಉತ್ಸವವು ನಡೆಯಿತು; ಸ್ಥಾಪಕನಾದ ವಾನ್ ರಾಲ್ಟೆಯೇ ಭಾಷಣಮಾಡಿದನು. ಸುಟ್ಟ ಊರನ್ನು ಮರಳಿ ಕಟ್ಟುತ್ತಿದ್ದ ಜನಕ್ಕೆ 1847ರ ಕಷ್ಟಗಳ ಸ್ಮರಣೆಯು ಧೈರ್ಯದ ಆಧಾರವಾಗಿದ್ದಿರಬೇಕು. 1897ರ ಅರ್ಧಶತಮಾನೋತ್ಸವದ ವೇಳೆಗೆ ಅವನು ಕಾಲವಾಗಿ ಇಪ್ಪತ್ತು ವರ್ಷಗಳಿಗೂ ಮೇಲಾಗಿದ್ದುವು. ಆಗ ಉಳಿದಿದ್ದ ವೃದ್ಧರ ನೆನಪುಗಳನ್ನು ಸಂಗ್ರಹಿಸುವುದು ಮುಖ್ಯಕಾರ್ಯಗಳಲ್ಲೊಂದಾಯಿತು. 1947ರ ಆಗಸ್ಟ್ 13ರಿಂದ 16ರವರೆಗೆ ಜರುಗಿದ ಶತಮಾನೋತ್ಸವವಾದರೋ, ಮಾತೃದೇಶವು ಜರ್ಮನರ ಆಕ್ರಮಣದಿಂದ ಬಿಡುಗಡೆಹೊಂದಿ ಎರಡೇ ವರ್ಷಗಳಾದಾಗ ಬಂದಿತು. ಹೀಗೆ ಸ್ಮರಿಸಿದ ಘಟನೆಯೊಂದೇ. ಸ್ಮರಣೆಯ ಪ್ರಯೋಜನ ಮಾತ್ರ ಬೇರೆ ಬೇರೆ.

ಪತ್ರಿಕೆಗಳ ಭಾಷೆಯೂ ಗಮನಾರ್ಹವಾದುದು. 1850ರಲ್ಲಿ ಹುಟ್ಟಿದ 'ಡ ಹೊಲಾಂಡರ್', 1860ರಲ್ಲಿ ಆರಂಭವಾದ 'ಡ ಗ್ರೋಂಡ್ವೆಟ್' (ಸಂವಿಧಾನ) ಇವು ಡಚ್ಚರ ಪತ್ರಿಕೆಗಳು. 1872ರಲ್ಲಿ ಪ್ರಾರಂಭವಾದ 'ಹಾಲೆಂಡ್ ಸಿಟಿ ನ್ಯೂಸ್' ಇಂಗ್ಲಿಷಿನದು. 'ಗ್ರೋಂಡ್ವೆಟ್' 1938ರಲ್ಲಿ ನಿಂತುಹೋಯಿತು. ಆದರೆ 1929ರಲ್ಲಿಯೇ ಅಲ್ಲಿ ಟ್ಯೂಲಿಪ್ ಹೂವಿನ ಉತ್ಸವವು ಮೊದಲಾಗಿದ್ದಿತು. ಮನೆಮಾತು ಕ್ಷೀಣಿಸುತ್ತಿದ್ದ ಕಾಲದಲ್ಲಿಯೇ ಮರದ ಪಾದರಕ್ಷೆ, ಹಳೆಯ ಉಡುಪುಗಳು ಜನಾಂಗದ ಗುರುತಾಗಿ ಮೆರೆದುವೆಂಬುದು ವಿಚಾರಯೋಗ್ಯವಾಗಿದೆ.

ವರದಿಯಲ್ಲಿರುವುದರಷ್ಟೇ ಅದರಲ್ಲಿ ಇಲ್ಲದಿರುವುದನ್ನೂ ಇತಿಹಾಸಕಾರನು ವಿಚಾರಿಸತಕ್ಕದ್ದು. ನಿರ್ಜನಾರಣ್ಯವನ್ನು ಕಡಿದು ಊರು ಕಟ್ಟಿದರೆಂಬುದು ಇಂತಹ ಉತ್ಸವಗಳ ಸಾಮಾನ್ಯ ಕಥನ. ಆದರೆ ಆ ಪ್ರದೇಶವು ನಿರ್ಜನವಾಗಿರಲಿಲ್ಲ. ಒಡಾವ ಜನರ ಒಂದು ಸಮುದಾಯವು ಜಾರ್ಜ್ ಸ್ಮಿತ್ ಎಂಬ ಪಾದ್ರಿಯೊಡನೆ ಓಲ್ಡ್ ವಿಂಗ್ ಮಿಷನ್ನಿನಲ್ಲಿ ವಾಸವಾಗಿದ್ದು, ಡಚ್ಚರು ಬಂದ ಎರಡೇ ವರ್ಷಗಳಲ್ಲಿ, ಎಂದರೆ 1849ರಲ್ಲಿ, ಉತ್ತರದ ಗ್ರ್ಯಾಂಡ್ ಟ್ರಾವರ್ಸ್ ಕಡೆಗೆ ತೆರಳಿತು. ಸ್ಮಿತ್ ದಂಪತಿಗಳ ದಿನಚರಿಗಳು ಇದನ್ನು ತಿಳಿಸುತ್ತವೆ. ಅವನ್ನು ಜೊತೆಯಲ್ಲಿಟ್ಟು ಓದದಿದ್ದರೆ ಒಬ್ಬರ ಆಗಮನದ ಸಂಭ್ರಮದಲ್ಲಿ ಇನ್ನೊಬ್ಬರ ನಿರ್ಗಮನವು ಮರೆಯಾಗುವುದು.

ಆದುದರಿಂದ ಉತ್ಸವವರದಿಯನ್ನು ಸಂಪೂರ್ಣವಾಗಿ ನಂಬುವುದೂ ಸಲ್ಲದು, ತ್ಯಜಿಸುವುದೂ ಸಲ್ಲದು. ಒಂದು ಜನವು ತನ್ನ ವಿಷಯದಲ್ಲಿ ಏನನ್ನು ನಂಬಬಯಸಿತೆಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳುವ ಆಧಾರವು ವಿರಳ.