ಅಂದಾಜುಪಟ್ಟಿಯಿಲ್ಲದ ಯುದ್ಧೋತ್ಸಾಹ

ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನಾನು ಕಂಡ ನಿಯಮವೊಂದಿದೆ. ಹಳ್ಳಿಯ ಕೆರೆಯ ಹೂಳೆತ್ತುವ ಪ್ರಸ್ತಾವಕ್ಕೂ ಅಂದಾಜುಪಟ್ಟಿ ಬೇಕು. ಆರ್ಥಿಕ ಇಲಾಖೆಯ ಸಹಮತಿಯಿಲ್ಲದೆ ಕಡತ ಮುಂದೆ ಸಾಗದು. ಯುದ್ಧದ ಪ್ರಸ್ತಾವವನ್ನಾದರೋ ಚುನಾವಣಾ ವೇದಿಕೆಯಿಂದಲೇ, ಚಪ್ಪಾಳೆಗಳ ನಡುವೆ, ಯಾವ ಲೆಕ್ಕವನ್ನೂ ಕೊಡದೆ ಮಂಡಿಸಬಹುದು. 2008ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ ಜಾನ್ ಮೆಕೇನ್ ಅವರ ವಿದೇಶಾಂಗ ನಿಲುವುಗಳು ಇದಕ್ಕೆ ನಿದರ್ಶನ.

2007ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಸಭೆಯೊಂದರಲ್ಲಿ ಇರಾನ್ ಕುರಿತ ಪ್ರಶ್ನೆ ಎದುರಾದಾಗ, ಆ ದೇಶದ ಮೇಲೆ ಬಾಂಬ್ ಹಾಕುವ ಮಾತನ್ನು ಅವರು ಜನಪ್ರಿಯ ಹಾಡೊಂದರ ಧಾಟಿಯಲ್ಲಿ ಗುನುಗಿದರು. 2008ರ ಜನವರಿಯಲ್ಲಿ, ಅಮೆರಿಕದ ಸೇನೆ ಇರಾಕ್‌ನಲ್ಲಿ ನೂರು ವರ್ಷ ಇದ್ದರೂ ತಮ್ಮ ಅಭ್ಯಂತರವಿಲ್ಲ ಎಂದರು. ತಮ್ಮ ಯೋಧರು ಸಾಯದೆ, ಗಾಯಗೊಳ್ಳದೆ ಇದ್ದರೆ ಎಂಬ ಷರತ್ತನ್ನೂ ಅವರು ಸೇರಿಸಿದ್ದರೆಂಬುದು ನಿಜ. ಆದರೆ ಆ ಷರತ್ತು ಈಡೇರುವುದು ಹೇಗೆಂಬುದೇ ಮೂಲ ಪ್ರಶ್ನೆಯಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ರಷ್ಯಾದ ಸೇನೆ ಜಾರ್ಜಿಯಾದೊಳಗೆ ನುಗ್ಗಿದಾಗ ‘ಇಂದು ನಾವೆಲ್ಲರೂ ಜಾರ್ಜಿಯನ್ನರು’ ಎಂದು ಘೋಷಿಸಿದರು. ಅಣ್ವಸ್ತ್ರಗಳುಳ್ಳ ರಷ್ಯಾದೊಡನೆ ಕಾದಾಡಲು ಅಮೆರಿಕ ಸಿದ್ಧವಿರಲಿಲ್ಲ. ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾಗಳಲ್ಲಿ ರಷ್ಯಾದ ಸೇನೆ ಉಳಿದೇ ಉಳಿಯಿತು.

ಮೆಕೇನ್ ಯುದ್ಧವನ್ನು ಅರಿಯದವರಲ್ಲ. ಉತ್ತರ ವಿಯೆಟ್ನಾಂನ ಸೆರೆಯಲ್ಲಿ ಐದೂವರೆ ವರ್ಷ ಚಿತ್ರಹಿಂಸೆ ಅನುಭವಿಸಿದವರು. ಹಾಗಿದ್ದೂ 1995ರಲ್ಲಿ ಅದೇ ವಿಯೆಟ್ನಾಂ ಜೊತೆ ಅಮೆರಿಕ ರಾಜತಾಂತ್ರಿಕ ಸಂಬಂಧ ಸ್ಥಾಪಿಸಲು ಶ್ರಮಿಸಿದ ಉದಾರಿ. ಅಂಥವರು, ಇರಾನ್ ನಾಯಕರೊಡನೆ ಪೂರ್ವಷರತ್ತಿಲ್ಲದೆ ಮಾತನಾಡಲು ಸಿದ್ಧವೆಂದ ಬರಾಕ್ ಒಬಾಮ ಅವರನ್ನು ಅನನುಭವಿಯೆಂದು ಜರೆದದ್ದು ವಿಷಾದಕರ. ತಮ್ಮ ಬದುಕಿನ ಅತ್ಯುತ್ತಮ ಪಾಠವನ್ನೇ ಅವರು ಪ್ರಚಾರದ ಕಾವಿನಲ್ಲಿ ಬದಿಗಿಟ್ಟರು.

ಇನ್ನು ಖರ್ಚಿನ ಮಾತು. ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಸ್ ಮತ್ತು ಲಿಂಡಾ ಬಿಲ್ಮ್ಸ್ 2008ರಲ್ಲೇ ಇರಾಕ್ ಯುದ್ಧದ ವೆಚ್ಚವನ್ನು 3 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿದ್ದರು. ಗಾಯಾಳು ಯೋಧರ ಜೀವನಪರ್ಯಂತದ ಚಿಕಿತ್ಸೆ, ಸಾಲದ ಬಡ್ಡಿ ಎಲ್ಲವೂ ಅದರಲ್ಲಿ ಸೇರಿದ್ದವು. ಆದರೆ ಯುದ್ಧದ ಬಿಲ್ಲು ಹೋರಾಡಿದವರ ಮನೆಗಷ್ಟೇ ಹೋಗುವುದಿಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ನಾವು ಯಾರ ಪಕ್ಷದಲ್ಲೂ ಹೋರಾಡಲಿಲ್ಲ. ಆದರೂ ತೈಲದ ಬೆಲೆ ಏರಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕುಗ್ಗಿತು, ಸುಮಾರು 1.7 ಲಕ್ಷ ಭಾರತೀಯರು ನೌಕರಿ ತೊರೆದು ಮರಳಬೇಕಾಯಿತು. ಮೊದಲೇ ದುರ್ಬಲವಾಗಿದ್ದ ನಮ್ಮ ವಿದೇಶಿ ವಿನಿಮಯ ಸಂಗ್ರಹ ಬರಿದಾಗತೊಡಗಿ, 1991ರಲ್ಲಿ ದೇಶದ ಚಿನ್ನವನ್ನೇ ಅಡವಿಡಬೇಕಾಯಿತು. ಕೊಲ್ಲಿಯ ದುಡಿಮೆಯನ್ನು ನಂಬಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದನ್ನು ವಿವರಿಸಬೇಕಿಲ್ಲ.

2018ರಲ್ಲಿ, ತಾವು ನಿಧನರಾದ ವರ್ಷವೇ ಪ್ರಕಟವಾದ ಆತ್ಮಕಥನದಲ್ಲಿ, ಇರಾಕ್ ಯುದ್ಧ ಗಂಭೀರ ಪ್ರಮಾದವಾಗಿತ್ತೆಂದೂ ಅದರಲ್ಲಿ ತಮ್ಮ ಪಾಲಿನ ಹೊಣೆಯಿದೆಯೆಂದೂ ಮೆಕೇನ್ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಗೌರವಾರ್ಹ. ಆದರೆ ಅಷ್ಟರಲ್ಲಿ ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಯೋಧರು, ಲಕ್ಷಕ್ಕೂ ಮಿಕ್ಕಿ ಇರಾಕಿ ನಾಗರಿಕರು ಅಸುನೀಗಿದ್ದರು. ಯಾವ ದೇಶದಲ್ಲೇ ಆಗಲಿ, ರಣೋತ್ಸಾಹದ ಮಾತನಾಡುವ ಅಭ್ಯರ್ಥಿಯನ್ನು ಮತದಾರರು ಚುನಾವಣೆಗೆ ಮುನ್ನವೇ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಹಣ, ಎಷ್ಟು ಜೀವ, ಯಾವಾಗ ಮುಕ್ತಾಯ? ಕೆರೆಯ ಕಡತಕ್ಕೆ ಅನ್ವಯಿಸುವ ಕಟ್ಟಳೆ ಕದನಕ್ಕೂ ಅನ್ವಯಿಸಲಿ.